ಎರಡನೆಯ ಬ್ಯಾಟರಿ ಏಕೆ ಕೈಕೊಡುತ್ತದೆ?

ಹಳೆಯ ವ್ಯಾನೊಂದನ್ನು ಕೊಂಡು, ಅದರ ಹಿಂಭಾಗದಲ್ಲಿ ಇನ್ನೊಂದು ಬ್ಯಾಟರಿ ಕೂರಿಸಿ, ಮೇಲೆ ಎರಡು ಹಾರ್ನ್ ಕಟ್ಟಿ ಜೀವನ ಸಾಗಿಸುವವರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಮಾಘ ಮಾಸವೇ ಸುಗ್ಗಿ. ಭರತ ಹುಣ್ಣಿಮೆಯ ಸುಮಾರಿಗೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ. ಅದಾಗಿ ಕೆಲವೇ ದಿನಕ್ಕೆ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ತೇರು. ಶಿವರಾತ್ರಿಯ ಆಸುಪಾಸಿನಲ್ಲಿ ತುಂಗಭದ್ರೆಯ ದಂಡೆಯ ಕುರುವತ್ತಿಯ ಬಸವೇಶ್ವರನ ಜಾತ್ರೆ. ಬಳ್ಳಾರಿಯಿಂದ ಬೇರೆಯಾಗಿ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿದ ಐದೂ ತಾಲ್ಲೂಕುಗಳಲ್ಲಿ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ, ಈ ಎರಡು ವಾರ ಮೈಕು ಕಟ್ಟಿದ ವ್ಯಾನುಗಳಿಗೆ ಬಿಡುವಿಲ್ಲ. ಪಾದಯಾತ್ರಿಗಳ ಹಿಂದೆ ದೀಪ ಹಿಡಿದು ಸಾಗುವ ವ್ಯಾನು, ದಾಸೋಹದ ಪ್ರಕಟಣೆ ಮಾಡುವ ವ್ಯಾನು, ಅಂಗಡಿಗೆ ಬೆಳಕು ಕೊಡುವ ವ್ಯಾನು, ಎಲ್ಲವೂ ನಂಬಿರುವುದು ಆ ಎರಡನೆಯ ಬ್ಯಾಟರಿಯನ್ನೇ.

ಅಂತಹ ಒಂದು ಜಾತ್ರೆಯನ್ನು ಚಿತ್ರೀಕರಿಸಲು ನಮ್ಮ ತಂಡ ಹೋಗಿತ್ತು. ರಾತ್ರಿ ಒಂಬತ್ತರ ಸುಮಾರು. ಪಕ್ಕದಲ್ಲಿ ನಿಂತಿದ್ದ ವ್ಯಾನಿನ ಮೈಕಿನಲ್ಲಿ, ತಪ್ಪಿಸಿಕೊಂಡ ಒಂದು ಮಗುವಿನ ಅಂಗಿಯ ಬಣ್ಣ, ವಯಸ್ಸು ಹೇಳುತ್ತಿದ್ದರು. ನೋಡನೋಡುತ್ತ ದನಿ ಒಡೆಯಿತು, ಕುಗ್ಗಿತು, ಕೊನೆಗೆ ಹಾರ್ನಿನಲ್ಲಿ ಗೊರಗೊರ ಸದ್ದು ಮಾತ್ರ ಉಳಿಯಿತು. ಮಗುವಿನ ತಾಯಿ ವ್ಯಾನಿನ ಬಾಗಿಲು ಹಿಡಿದು ನಿಂತೇ ಇದ್ದರು. ವ್ಯಾನಿನ ಮಾಲೀಕ ನನ್ನತ್ತ ತಿರುಗಿ, "ಬ್ಯಾಟ್ರಿ ಹೊಸಾದೈತ್ರೀ ಸರ. ಹೋದ ತಿಂಗಳ ಹಾಕ್ಸೀನಿ. ಅದರ ಮೊದ್ಲಿಂದೂ ಹಿಂಗ ಆಗಿತ್ತು" ಎಂದರು. ನಮ್ಮ ಜೀಪಿನ ಬ್ಯಾಟರಿಯಿಂದ ತಂತಿ ಎಳೆದು ಮೈಕು ಕೂಗಿಸಿದೆವು. ಮಗು ಸಿಕ್ಕಿತು. ಆದರೆ ಹೊಸ ಬ್ಯಾಟರಿ ಏಕೆ ಸೋತಿತು ಎಂಬ ಪ್ರಶ್ನೆ ಹಾಗೇ ಉಳಿಯಿತು. ಮರುದಿನ ಬೆಳಿಗ್ಗೆ ಒಂದು ಮಲ್ಟಿಮೀಟರ್ ಹಿಡಿದು ಆ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನೇ ಇಲ್ಲಿ ನಿಮಗೆ ವಿವರಿಸುತ್ತೇನೆ. ಸಾಧಾರಣ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಬ್ಯಾಟರಿಗೆ ಅದರ ಹತ್ತಾರು ಪಟ್ಟು ಕೊಡಬೇಕು.

ಎರಡು ಬ್ಯಾಟರಿ ಏಕೆ?

ವಾಹನದ ಮೂಲ ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ ಚಾಲೂ ಮಾಡುವುದು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಅಳವಡಿಸಿದ ಮೇಲೆ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪುತ್ತ ಬಂತು. ಸ್ಟಾರ್ಟರ್ ಮೋಟಾರು ಕೆಲವೇ ಕ್ಷಣ ನೂರಾರು ಆಂಪಿಯರ್ ಬೇಡುತ್ತದೆ. ಅಷ್ಟನ್ನು ಥಟ್ಟನೆ ಕೊಡಲೆಂದು ಈ ಬ್ಯಾಟರಿಯಲ್ಲಿ ತೆಳುವಾದ ಸೀಸದ ಪ್ಲೇಟುಗಳು ಬಹಳ ಇರುತ್ತವೆ. ರಾತ್ರಿಯಿಡೀ ನಿಧಾನವಾಗಿ ಖಾಲಿ ಮಾಡಿದರೆ ಈ ತೆಳು ಪ್ಲೇಟು ಬೇಗ ಹಾಳಾಗುತ್ತದೆ. ಮೈಕು, ದೀಪಗಳಿಗೆ ದಪ್ಪ ಪ್ಲೇಟಿನ, ಮನೆಯ ಇನ್ವರ್ಟರಿಗೆ ಹಾಕುವ ಬಗೆಯ ಬ್ಯಾಟರಿ ಒಳ್ಳೆಯದು. ಎರಡನ್ನೂ ಬೇರೆ ಬೇರೆ ಇಟ್ಟರೆ ಇನ್ನೊಂದು ಲಾಭವಿದೆ. ಮೈಕು ಎಷ್ಟು ಹೊತ್ತು ಕೂಗಿದರೂ ಬೆಳಿಗ್ಗೆ ವ್ಯಾನು ತಳ್ಳುವ ಪ್ರಮೇಯ ಬರುವುದಿಲ್ಲ.

ಹಾಗಾದರೆ ಎರಡನೆಯದಕ್ಕೆ ಚಾರ್ಜ್ ಎಲ್ಲಿಂದ? ಎಂಜಿನ್ ಓಡುವಾಗ ಆಲ್ಟರ್ನೇಟರ್ ಕರೆಂಟು ಉತ್ಪಾದಿಸುತ್ತದೆ. ಅದು ಮೊದಲ ಬ್ಯಾಟರಿಗೆ ಬಂದು, ಅಲ್ಲಿಂದ ಫ್ಯೂಸು, ರಿಲೇ, ಉದ್ದನೆಯ ತಂತಿಯ ಮೂಲಕ ಹಿಂದಿನ ಬ್ಯಾಟರಿಗೆ ಹೋಗುತ್ತದೆ. ಮರಳಿ ಬರುವ ದಾರಿ ವ್ಯಾನಿನ ಕಬ್ಬಿಣದ ಬಾಡಿ. ಇದನ್ನೇ ಮೆಕ್ಯಾನಿಕರು ಅರ್ಥ್ ಅಥವಾ ಬಾಡಿ ಎನ್ನುತ್ತಾರೆ. ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ ಎಂಬುದನ್ನು ದಯವಿಟ್ಟು ನೆನಪಿಡಿ. ನಾವು ಬಹುಪಾಲು ಜನ ಕೆಂಪು ತಂತಿಯನ್ನು ಮಾತ್ರ ಪರೀಕ್ಷಿಸುತ್ತೇವೆ.

ಮೊದಲು ಲೆಕ್ಕ, ಆಮೇಲೆ ರಿಪೇರಿ

ಎಷ್ಟೋ ಸಲ ವ್ಯಾನಿನಲ್ಲಿ ದೋಷವೇ ಇರುವುದಿಲ್ಲ, ಲೆಕ್ಕದಲ್ಲಿ ಇರುತ್ತದೆ. ಒಂದು ಉದಾಹರಣೆ ನೋಡಿ. ನಿಮ್ಮ ಆಂಪ್ಲಿಫೈಯರ್ ಸರಾಸರಿ 5 ಆಂಪಿಯರ್, ದೀಪಗಳು 2 ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ಐದು ಗಂಟೆಗೆ 35 ಆಂಪಿಯರ್-ಗಂಟೆ ಖರ್ಚು. ಬ್ಯಾಟರಿ 75 ಆಂಪಿಯರ್-ಗಂಟೆಯದು. ಮೊದಲ ರಾತ್ರಿ ಕಳೆದಾಗ 40 ಉಳಿಯಿತು. ಮರುದಿನ ಊರಿಂದೂರಿಗೆ ಒಂದು ಗಂಟೆ ವ್ಯಾನು ಓಡಿತು. ಬ್ಯಾಟರಿಗೆ 15 ಆಂಪಿಯರಿನಂತೆ ತುಂಬಿದರೆ 55 ಆಯಿತು. ಎರಡನೆಯ ರಾತ್ರಿ ಮತ್ತೆ 35 ಹೋಗಿ 20 ಉಳಿಯಿತು. ಮರುದಿನ ಮತ್ತೆ 15 ಬಂದು 35 ಆಯಿತು. ಮೂರನೆಯ ರಾತ್ರಿಗೆ ಬೇಕಾದದ್ದೂ 35. ಕಾಗದದ ಮೇಲೆ ಸರಿಹೋಯಿತು. ಆದರೆ ಸೀಸದ ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಕೆಲಸ ಮಾಡುವುದಿಲ್ಲ. ಅದಕ್ಕೂ ಮೊದಲೇ ವೋಲ್ಟೇಜ್ ಕುಸಿದು ಮೈಕಿನ ದನಿ ಒಡೆಯುತ್ತದೆ. ಮೂರನೆಯ ರಾತ್ರಿಯ ನಡುವೆಯೇ ಮೈಕು ಸೋಲುವುದು ಹೀಗೆ. ಅದೂ ತಂತಿಯಲ್ಲಿ ಯಾವ ತಪ್ಪೂ ಇಲ್ಲದೆ!

ಕೊಟ್ಟೂರಿನಿಂದ ಕೂಡ್ಲಿಗಿಗೆ, ಹರಪನಹಳ್ಳಿಗೆ, ಹಗರಿಬೊಮ್ಮನಹಳ್ಳಿಗೆ ಇರುವ ದಾರಿ ಉದ್ದವಲ್ಲ. ಒಂದು ಗಂಟೆ ಓಡಿದರೆ ಹೆಚ್ಚು. ರಾತ್ರಿಯ ಖರ್ಚನ್ನು ಇಷ್ಟು ಸಣ್ಣ ಪ್ರಯಾಣ ತುಂಬಿಕೊಡಲಾರದು. ಅಂತಹವರಿಗೆ ಪರಿಹಾರ ಸರಳ. ಹಗಲು ಎಲ್ಲಿಯಾದರೂ ಕರೆಂಟು ಸಿಕ್ಕರೆ ಚಾರ್ಜರ್ ಹಾಕಿ ತುಂಬಿಸಿಕೊಳ್ಳುವುದು. ಖರ್ಚಿಗಿಂತ ಜಮೆ ಕಡಿಮೆ ಇದ್ದಲ್ಲಿ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಫಲ ಒಂದೇ.

ಬ್ಯಾಟರಿಯ ನಾಡಿ ನೋಡುವುದು

ಲೆಕ್ಕ ಸರಿಯಿದ್ದೂ ಮೈಕು ಸೋತರೆ ಮೀಟರು ಕೈಗೆತ್ತಿಕೊಳ್ಳಿ. ಅದನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ. ಎಂಜಿನ್ ನಿಲ್ಲಿಸಿ, ಯಾವ ಭಾರವೂ ಇಲ್ಲದೆ ಕೆಲವು ಗಂಟೆ ಬಿಟ್ಟ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. ಸುಮಾರು 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ಬಂದರೆ ತುಂಬಿದೆ. 12.2 ಆದರೆ ಅರ್ಧ. 11.8 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಹೆಚ್ಚುಕಡಿಮೆ ಖಾಲಿ. 12 ಎಂದು ಮೀಟರು ತೋರಿಸಿದ್ದನ್ನು ನೋಡಿ, "ಹನ್ನೆರಡು ವೋಲ್ಟಿನ ಬ್ಯಾಟ್ರಿ, ಹನ್ನೆರಡು ಐತಿ, ಸರಿ ಐತಿ" ಎನ್ನುವವರು ಬಹಳ. ಅದು ಮುಕ್ಕಾಲು ಖಾಲಿಯಾದ ಬ್ಯಾಟರಿ.

ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರು ಕೋಣೆಗಳ ಆಮ್ಲವನ್ನೂ ನೋಡಿ. ಐದು ಒಂದೇ ತೆರನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಣೆ ಕೆಟ್ಟಿದೆ. ಆಗ ತಪ್ಪು ನಿಜಕ್ಕೂ ಬ್ಯಾಟರಿಯದೇ. ಆರೂ ಸಮನಾಗಿ ಕೆಳಗಿದ್ದರೆ ಬ್ಯಾಟರಿ ಹಸಿದಿದೆ, ಅಂದರೆ ಅದಕ್ಕೆ ಚಾರ್ಜ್ ತಲುಪುತ್ತಿಲ್ಲ. ನಮ್ಮ ಕಥೆಯ ವ್ಯಾನಿನಲ್ಲಿ ಆರೂ ಸಮನಾಗಿದ್ದವು. ಹೊಸ ಬ್ಯಾಟರಿ ಉಪವಾಸ ಬಿದ್ದಿತ್ತು.

ಕರೆಂಟು ಹೋದ ದಾರಿಯಲ್ಲೇ ಹೋಗಿ

ಈಗ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮೊದಲ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. ಹಳೆಯ ವ್ಯಾನುಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಹಿಂದಿನ ತಂತಿಯನ್ನು ದೂರಬೇಡಿ. ಆಲ್ಟರ್ನೇಟರ್, ಅದರ ಬೆಲ್ಟು ನೋಡಿಸಿ. ನಮ್ಮ ವ್ಯಾನಿನಲ್ಲಿ ಮುಂದೆ 14.2 ಇತ್ತು. ಹಿಂದಿನ ಬ್ಯಾಟರಿಯ ಮೇಲೆ 13.1 ಮಾತ್ರ. ದಾರಿಯಲ್ಲಿ 1.1 ವೋಲ್ಟ್ ಕಾಣೆಯಾಗಿತ್ತು. ಒಂದು ವೋಲ್ಟ್ ಎಂದರೆ ಏನು ಮಹಾ ಎನ್ನಬೇಡಿ. ತುಂಬಿದ ಬ್ಯಾಟರಿ 12.6, ತುಂಬಿಸುವ ಒತ್ತಡ 14.2, ನಡುವಿನ ಅಂತರವೇ ಒಂದೂವರೆ ವೋಲ್ಟ್. ಅದರಲ್ಲಿ 1.1 ಹೋದರೆ ತುಂಬುವ ವೇಗ ಉಳಿಯುವುದೆಲ್ಲಿ?

ಕಾಣೆಯಾದದ್ದು ಎಲ್ಲಿ ಎಂದು ಹುಡುಕುವ ಉಪಾಯವಿದೆ. ಎಂಜಿನ್ ಓಡುತ್ತಿರಲಿ, ಮೈಕೂ ದೀಪಗಳೂ ಹೊತ್ತಿರಲಿ. ಮೀಟರಿನ ಒಂದು ತಂತಿಯನ್ನು ಮುಂದಿನ ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಹಿಂದಿನ ಬ್ಯಾಟರಿಯ ಪ್ಲಸ್ಸಿಗೂ ಹಿಡಿಯಿರಿ. ಮೀಟರಿನ ತಂತಿ ಚಿಕ್ಕದಾದರೆ ಬೇರೊಂದು ತಂತಿ ಸೇರಿಸಿಕೊಳ್ಳಿ. ಇಲ್ಲಿ ಬರುವ ಅಂಕಿಯೇ ಹೋಗುವ ದಾರಿಯಲ್ಲಿ ಆದ ನಷ್ಟ. ಆಮೇಲೆ ಹಾಗೆಯೇ ಮೈನಸ್ಸಿನಿಂದ ಮೈನಸ್ಸಿಗೆ ಹಿಡಿಯಿರಿ. ಅದು ಮರಳುವ ದಾರಿಯ ನಷ್ಟ. ಎರಡರಲ್ಲೂ 0.2 ಅಥವಾ 0.3 ವೋಲ್ಟ್ ಮೀರಬಾರದು.

ಕರೆಂಟು ಹರಿಯುತ್ತಿರುವಾಗಲೇ ಈ ಪರೀಕ್ಷೆ ಮಾಡಬೇಕು. ಕೊಳವೆಬಾವಿ ಉಳ್ಳ ರೈತರಿಗೆ ಇದು ಬೇಗ ತಿಳಿಯುತ್ತದೆ. ಪೈಪಿನ ಕೊನೆಯ ವಾಲ್ವು ಮುಚ್ಚಿದ್ದರೆ, ನಡುವೆ ಕಸ ಕಟ್ಟಿದ್ದರೂ ಎರಡು ತುದಿಯಲ್ಲಿ ಒತ್ತಡ ಒಂದೇ. ವಾಲ್ವು ತೆರೆದು ನೀರು ಹರಿದಾಗ ಮಾತ್ರ ಕಸ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೆಕ್ಯಾನಿಕ್ ಟೆಸ್ಟ್ ಬಲ್ಬು ಹಿಡಿದಾಗ ಅದು ಚೆನ್ನಾಗಿ ಉರಿದು, ಮೈಕು ಹಾಕಿದೊಡನೆ ಎಲ್ಲ ಕುಸಿಯುವುದು ಇದೇ ಕಾರಣಕ್ಕೆ. ಸಣ್ಣ ಬಲ್ಬಿಗೆ ಬೇಕಾದ ಕರೆಂಟು ಸಣ್ಣದು. ಕೆಟ್ಟ ಜೋಡಣೆಯೂ ಅಷ್ಟನ್ನು ಸಾಗಿಸುತ್ತದೆ.

ನಮ್ಮ ವ್ಯಾನಿನಲ್ಲಿ ಪ್ಲಸ್ ಕಡೆ ನಷ್ಟ 0.2, ಮೈನಸ್ ಕಡೆ 0.9! ಹಿಂದಿನ ಬ್ಯಾಟರಿಯ ಕಪ್ಪು ತಂತಿಯನ್ನು ನೆಲದ ತಗಡಿಗೆ ಒಂದು ಬೋಲ್ಟಿನಿಂದ ಬಿಗಿದಿದ್ದರು. ಮುಟ್ಟಿದರೆ ಆ ಬೋಲ್ಟು ಬೆಚ್ಚಗಿತ್ತು. ಹತ್ತು ಆಂಪಿಯರ್ ಹರಿಯುವಾಗ 0.9 ವೋಲ್ಟ್ ಕಳೆದುಹೋದರೆ 9 ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಬಿಚ್ಚಿ ನೋಡಿದರೆ ಬೋಲ್ಟಿನ ಅಡಿಯಲ್ಲಿ ವ್ಯಾನಿನ ಬಣ್ಣ ಹಾಗೇ ಇದೆ, ಮೇಲೆ ತುಕ್ಕು. ಬಣ್ಣ ಕರೆಂಟಿಗೆ ಗೋಡೆಯಿದ್ದಂತೆ. ಬೋಲ್ಟಿನ ಮರೆಗಳ ಮೂಲಕ ಏನೋ ಸ್ವಲ್ಪ ತೂರಿಹೋಗುತ್ತಿತ್ತು, ಅಷ್ಟೆ. ಮರಳು ಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಹಾಕಿ ಬಿಗಿದು, ಮೇಲೆ ಗ್ರೀಸು ಸವರಿದೆವು. ಹಿಂದಿನ ಬ್ಯಾಟರಿಯ ಮೇಲೆ 13.8 ವೋಲ್ಟ್ ಬಂತು. ಖರ್ಚು ಮರಳು ಕಾಗದದ್ದು, ಲಗ್ಗಿನದು. ಅದಕ್ಕೆ ಮೊದಲು ಆ ಮನುಷ್ಯ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂಡಿದ್ದರು, ಒಂದು ಸಾಲ ಮಾಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನೆನಪಾಯಿತು. ವಿಜ್ಞಾನ ಪದವಿಗೆ ಓದುವಾಗ ನಾನು ಓಮನ ನಿಯಮವನ್ನು ಎಷ್ಟೋ ಸಲ ಬರೆದಿದ್ದೇನೆ. 1827ರಲ್ಲಿ ಗೆಯಾರ್ಗ್ ಓಮ್ ಪ್ರಕಟಿಸಿದ ಆ ನಿಯಮ ಒಂದು ಸಂಸಾರದ ಸಾಲವಾಗಿ ಕಂಡದ್ದು ಅಂದೇ ಮೊದಲು.

ತಂತಿಯ ದಪ್ಪ

ನಷ್ಟ ಪ್ಲಸ್ ಕಡೆಯೇ ಹೆಚ್ಚಿದ್ದರೆ ಮೀಟರಿನ ಒಂದು ತಂತಿಯನ್ನು ಮುಂದಿನ ಬ್ಯಾಟರಿಯಲ್ಲೇ ಇಟ್ಟು, ಇನ್ನೊಂದನ್ನು ಫ್ಯೂಸಿನ ಆಚೆ, ರಿಲೇಯ ಈಚೆ, ರಿಲೇಯ ಆಚೆ, ಹೀಗೆ ಒಂದೊಂದೇ ಹೆಜ್ಜೆ ಮುಂದೆ ಸರಿಸಿ. ಅಂಕಿ ಎಲ್ಲಿ ಥಟ್ಟನೆ ಜಿಗಿಯುವುದೋ ಅಲ್ಲಿ ಕಳ್ಳನಿದ್ದಾನೆ. ಎಲ್ಲಿಯೂ ಜಿಗಿಯದೆ ತಂತಿಯುದ್ದಕ್ಕೂ ಏರಿದರೆ ತಂತಿಯೇ ತೆಳು.

ಮನೆಯ ವೈರಿಂಗಿಗೆ ತಂದ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಉಳಿದಿತ್ತೆಂದು ವ್ಯಾನಿಗೆ ಎಳೆಯುವುದುಂಟು. ನಾಲ್ಕು ಮೀಟರ್ ಉದ್ದ, 20 ಆಂಪಿಯರ್ ಎಂದುಕೊಂಡರೆ ಅದರಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ. ಅದೇ 16 ಚದರ ಮಿಲಿಮೀಟರಿನ ತಂತಿಯಲ್ಲಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗವೂ ಇಲ್ಲ. ಮನೆಯಲ್ಲಿ 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ತಿಳಿಯದು. 12 ವೋಲ್ಟಿನ ಬಡ ಸಂಸಾರದಲ್ಲಿ ಅದು ದೊಡ್ಡ ಕಳವು.

ರಿಲೇ ಮಾಡುವ ಕಿತಾಪತಿ

ರಿಲೇ ಎಂದರೆ ಕರೆಂಟಿನಿಂದ ಮುಚ್ಚಿ ತೆರೆಯುವ ಬಾಗಿಲು. ಎಂಜಿನ್ ಓಡುವಾಗ ಎರಡು ಬ್ಯಾಟರಿಗಳನ್ನು ಕೂಡಿಸಬೇಕು, ನಿಂತಾಗ ಬೇರ್ಪಡಿಸಬೇಕು. ಸಾಮಾನ್ಯ ರಿಲೇಯ ಕೆಳಗೆ 85, 86, 30, 87 ಎಂಬ ಅಂಕಿಗಳಿರುತ್ತವೆ. 85 ಮತ್ತು 86 ಒಳಗಿನ ಸುರುಳಿಯವು, 30ರಿಂದ 87ಕ್ಕೆ ದೊಡ್ಡ ಕರೆಂಟು ಹೋಗುತ್ತದೆ. 'ಟಕ್' ಎಂಬ ಸದ್ದು ಬಂದರೂ 30 ಮತ್ತು 87ರ ನಡುವೆ ಅರ್ಧ ವೋಲ್ಟ್ ತೋರಿಸಿದರೆ ಒಳಗಿನ ಸ್ಪರ್ಶಗಳು ಸುಟ್ಟಿವೆ. ಹಾರ್ನಿಗೆ ಹಾಕುವ ಸಣ್ಣ ರಿಲೇಯನ್ನು ಇಲ್ಲಿ ಬಳಸಿದರೆ ಹಾಗಾಗುವುದು ಸಹಜ.

ಸದ್ದೇ ಬಾರದಿದ್ದರೆ ಸುರುಳಿಗೆ ಬರುವ ಸಣ್ಣ ತಂತಿಯನ್ನು ನೋಡಿ. ಅದನ್ನು ಇಗ್ನಿಷನ್ ಕೀಲಿಯಿಂದ ಕೊಟ್ಟಿದ್ದರೆ ಇನ್ನೊಂದು ತೊಂದರೆಯೂ ಉಂಟು. ಎಂಜಿನ್ ನಿಲ್ಲಿಸಿ ಕೀಲಿಯನ್ನು ಆನ್‌ನಲ್ಲೇ ಬಿಟ್ಟರೆ ರಿಲೇ ಕೂಡಿಕೊಂಡೇ ಇರುತ್ತದೆ. ಮೈಕು ಎರಡೂ ಬ್ಯಾಟರಿಗಳನ್ನು ಕುಡಿಯುತ್ತದೆ, ಬೆಳಿಗ್ಗೆ ವ್ಯಾನು ತಳ್ಳಬೇಕು. ವೋಲ್ಟೇಜ್ ನೋಡಿ ತಾನೇ ಕೂಡುವ ರಿಲೇಗಳಿವೆ. ಅವು ಸುಮಾರು 13.3 ವೋಲ್ಟಿಗೆ ಕೂಡಿ 12.8ರ ಸುಮಾರಿಗೆ ಬಿಡುತ್ತವೆ. ಬೆಲೆ ಹೆಚ್ಚಾದರೂ ಈ ತಲೆನೋವು ತಪ್ಪುತ್ತದೆ. ಕೆಲವರು ರಿಲೇ ಬದಲು ಡಯೋಡ್ ಹಾಕುತ್ತಾರೆ. ಸಿಲಿಕಾನ್ ಡಯೋಡ್ ತಾನೇ 0.6ರಿಂದ 0.7 ವೋಲ್ಟ್ ಸುಂಕ ವಸೂಲಿ ಮಾಡುವುದರಿಂದ ಬ್ಯಾಟರಿ ಎಂದಿಗೂ ಪೂರ್ತಿ ತುಂಬುವುದಿಲ್ಲ.

ನಿಂತಲ್ಲೇ ಸೋರುವುದು

ಜಾತ್ರೆ ಮುಗಿದು ಹತ್ತು ದಿನ ನಿಲ್ಲಿಸಿದ ವ್ಯಾನಿನಲ್ಲಿ ಬ್ಯಾಟರಿ ಖಾಲಿಯಾದರೆ ಎಲ್ಲೋ ಸೋರುತ್ತಿದೆ. ಎಲ್ಲವನ್ನೂ ಆಫ್ ಮಾಡಿ, ಮೈನಸ್ ತಂತಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸ್ಥಾನಕ್ಕೆ ಬದಲಿಸಿ, ತಂತಿಗೂ ಬ್ಯಾಟರಿಗೂ ನಡುವೆ ಸೇರಿಸಿ. ಆಗ ಯಾವ ಕಾರಣಕ್ಕೂ ಎಂಜಿನ್ ಚಾಲೂ ಮಾಡಬೇಡಿ, ಮೀಟರು ಸುಡುತ್ತದೆ. 0.05 ಆಂಪಿಯರಿಗಿಂತ ಹೆಚ್ಚು ಬಂದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುವುದೋ ಸೋರಿಕೆ ಆ ಸಾಲಿನಲ್ಲಿದೆ. 0.3 ಆಂಪಿಯರ್ ಸಣ್ಣದೆನಿಸಬಹುದು. ಹತ್ತು ದಿನಕ್ಕೆ ಅದು 72 ಆಂಪಿಯರ್-ಗಂಟೆ, ಅಂದರೆ ಹೆಚ್ಚುಕಡಿಮೆ ಇಡೀ ಬ್ಯಾಟರಿ. ಆಂಪ್ಲಿಫೈಯರ್, ಮೊಬೈಲ್ ಚಾರ್ಜರುಗಳಿಗೆ ಒಂದೇ ಮುಖ್ಯ ಸ್ವಿಚ್ಚು ಇಟ್ಟರೆ ಈ ಚಿಂತೆ ಇರದು.

ಜೀವದ ಮಾತು

ಅಂದು ಬೆಳಿಗ್ಗೆ ನನ್ನನ್ನು ಹೆದರಿಸಿದ್ದು ಆ ಬೋಲ್ಟಲ್ಲ. ಪ್ಲಸ್ ತಂತಿಯಲ್ಲಿ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆಗಳನ್ನು ಸುತ್ತಿ ಕಟ್ಟಿದ್ದರು. ತಂತಿ ನೆಲದ ತಗಡಿನ ಒಂದು ತೂತಿನ ಮೂಲಕ, ರಬ್ಬರ್ ಬುಷ್ ಇಲ್ಲದೆ, ಹರಿತವಾದ ಅಂಚಿಗೆ ಉಜ್ಜುತ್ತ ಹಾದುಹೋಗಿತ್ತು. ಅದರ ಮೇಲೆ ಚಾಪೆ. ಚಾಪೆಯ ಮೇಲೆ ರಾತ್ರಿ ಅವರ ಇಬ್ಬರು ಮಕ್ಕಳು ಮಲಗುತ್ತಿದ್ದರು.

ಉಜ್ಜಿ ಉಜ್ಜಿ ತಂತಿಯ ಹೊದಿಕೆ ಹರಿದು ತಾಮ್ರ ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಕೆಲವೇ ಕ್ಷಣಗಳಲ್ಲಿ ತಂತಿ ಕೆಂಡವಾಗುತ್ತದೆ. 1984ರಿಂದ 2019ರವರೆಗೆ ತಯಾರಾಗಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿರುವ ಮಾರುತಿ ವ್ಯಾನಿನಲ್ಲಿ, ಅಂದರೆ ಓಮ್ನಿಯಲ್ಲಿ, ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಹಲವು ವ್ಯಾನುಗಳು ಗ್ಯಾಸಿನಿಂದ ಓಡುತ್ತವೆ. ಬೆಂಕಿಗೆ ಹೆಚ್ಚು ದೂರ ಹೋಗಬೇಕಿಲ್ಲ.

ಆದ್ದರಿಂದ ಉದ್ದನೆಯ ಪ್ಲಸ್ ತಂತಿಗೆ ಎರಡು ಫ್ಯೂಸು ಬೇಕು, ಒಂದೊಂದು ಬ್ಯಾಟರಿಯ ಪಕ್ಕದಲ್ಲೂ ಒಂದೊಂದು. ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಬೆಂಕಿ ಎರಡು ಕಡೆಯಿಂದಲೂ ಬರಬಹುದು. ಫ್ಯೂಸು ಇರುವುದು ತಂತಿಯನ್ನು ಕಾಪಾಡಲು. ತಂತಿ ತಾಳುವ ಕರೆಂಟಿಗಿಂತ ಕಡಿಮೆ ಅಳತೆಯದನ್ನೇ ಹಾಕಿ. ಪದೇ ಪದೇ ಫ್ಯೂಸು ಹೋದರೆ ಅದು ನಿಮಗೇನೋ ಹೇಳುತ್ತಿದೆ. ತಾಮ್ರದ ಎಳೆ ಸುತ್ತಿ ಅದರ ಬಾಯಿ ಮುಚ್ಚಿಸಬೇಡಿ.

ಇನ್ನೂ ಕೆಲವು ಎಚ್ಚರಿಕೆಗಳು. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಹೀಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಬರುತ್ತದೆ. ಹತ್ತಿರ ಬೀಡಿ, ಕಡ್ಡಿ ಬೇಡ. ನೀರು ಹಾಕುವ ಬ್ಯಾಟರಿಯನ್ನು ಜನ ಮಲಗುವ ಜಾಗದಲ್ಲಿ ಮುಚ್ಚಿಡಬೇಡಿ, ಅದರ ಗಾಳಿ ಹೊರಗೆ ಹೋಗುವಂತಿರಲಿ. ಆಮ್ಲ ಕಣ್ಣಿಗೆ ಸಿಡಿದರೆ ಬಹಳ ಹೊತ್ತು ತಣ್ಣೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಿ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ತುಂಬಲೆಂದು ಎಂಜಿನ್ ಓಡಿಸಿಟ್ಟು ಅದೇ ವ್ಯಾನಿನಲ್ಲಿ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಈ ಭಾಗದ ಬೇಸಿಗೆಯೂ ಬ್ಯಾಟರಿಯ ವೈರಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಆಮ್ಲದ ನೀರು ಬೇಗ ಆರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿ, ಬಟ್ಟಿ ಇಳಿಸಿದ ನೀರನ್ನೇ ಹಾಕಿ. ಕೊಳವೆಬಾವಿಯ ಗಡಸು ನೀರು ಬೇಡ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅಂಗಡಿಗೇ ಮರಳಿಸಿ, ಸೀಸ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುವುದೂ ಅದನ್ನೇ.

ಕೊನೆಯದಾಗಿ ಒಂದು ವಿನಂತಿ. ಒಂದು ಚೀಟಿಯಲ್ಲಿ ನಿಮ್ಮ ವ್ಯಾನು ಸರಿಯಿದ್ದಾಗಿನ ನಾಲ್ಕು ಅಂಕಿಗಳನ್ನು ಬರೆದು ಬ್ಯಾಟರಿಯ ಪಕ್ಕದಲ್ಲಿ ಅಂಟಿಸಿ. ನಿಂತಾಗಿನ ವೋಲ್ಟೇಜ್, ಎಂಜಿನ್ ಓಡುವಾಗ ಹಿಂದಿನ ಬ್ಯಾಟರಿಯ ವೋಲ್ಟೇಜ್, ಪ್ಲಸ್ ದಾರಿಯ ನಷ್ಟ, ಮೈನಸ್ ದಾರಿಯ ನಷ್ಟ. ಜಾತ್ರೆಗೆ ಹೊರಡುವ ಮುನ್ನ ಮತ್ತೊಮ್ಮೆ ಅಳೆದು ಹೋಲಿಸಿ. ಹತ್ತು ನಿಮಿಷದ ಕೆಲಸ. ಮೈಲಾರದಲ್ಲಿ ಗೊರವಯ್ಯ ಬಿಲ್ಲನೇರಿ 'ಸದ್ದಲೇ' ಎಂದಾಗ ಸೇರಿದ ಜನಸಾಗರವೆಲ್ಲ ತಾನಾಗಿ ಮೌನವಾಗುತ್ತದೆ. ನಿಮ್ಮ ಮೈಕು ಸುಮ್ಮನಾಗಬೇಕಾದದ್ದು ಆಗ ಮಾತ್ರ. ಉಳಿದ ಹೊತ್ತಿನಲ್ಲಿ, ಯಾವುದೋ ತಾಯಿ ವ್ಯಾನಿನ ಬಾಗಿಲು ಹಿಡಿದು ನಿಂತಿರುವಾಗ, ಅದು ಕೂಗಬೇಕು.